ಕೊಲ್ಲಿಯ ನೀರು ಯಾಕೆ ಸದ್ದು ಮಾಡುವುದಿಲ್ಲ

ಲೋಕ ಇನ್ನೂ ಹೊಸದಾಗಿತ್ತು. ಕಡಲಿಗೆ ಉಪ್ಪು ಕೂಡ ಸರಿಯಾಗಿ ಹಿಡಿದಿರಲಿಲ್ಲ. ಆಗ ದಂಡೆಯಲ್ಲಿ ಒಂದು ಗುಡ್ಡ ಒಂಟಿಯಾಗಿ ಕೂತಿತ್ತು. ಮನೆಯಿಲ್ಲ, ದೋಣಿಯಿಲ್ಲ, ಮಾತಾಡಿಸಲು ಒಂದು ಕಾಗೆಯೂ ಇಲ್ಲ. ಪಾಪ, ನೆಂಟರು ಅಂದರೆ ಏನೆಂದೇ ಅದಕ್ಕೆ ಗೊತ್ತಿರಲಿಲ್ಲ.

ಒಂದು ದಿನ ದೂರದಿಂದ ಒಬ್ಬಳು ಪುಟ್ಟ ಅಲೆ ಬಂದಳು. ತುಂಬ ದಣಿದಿದ್ದಳು. ಗುಡ್ಡದ ಕಾಲ ಬಳಿ ಕೂತು, ಕಂಡ ಊರುಗಳ ಸುದ್ದಿಯನ್ನೆಲ್ಲ ಹೇಳಿದಳು. "ಅಣ್ಣಯ್ಯ" ಎಂದು ಕರೆದಳು. ಗುಡ್ಡಕ್ಕೆ ಖುಷಿಯೋ ಖುಷಿ.

ಇಳಿತದ ಹೊತ್ತಿಗೆ ಅಲೆ ಎದ್ದಳು. "ಅಣ್ಣಯ್ಯ, ಬತ್ತೆ ಅಕಾ" ಎಂದು ಹೊರಟೇಹೋದಳು.

ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಅದು ಅಪಶಕುನ. "ಬತ್ತೆ ಅಕಾ", ಅಂದರೆ ಬರುತ್ತೇನೆ ಆಯ್ತಾ, ಎಂದೇ ಹೇಳಿ ಹೋಗುವುದು. ಇದನ್ನು ಗುಡ್ಡಕ್ಕೆ ಕಲಿಸಿದವರು ಯಾರು? ಅದು ಆ ಮಾತನ್ನು ಹಾಗೆಯೇ ನಂಬಿಬಿಟ್ಟಿತು.

ತಂಗಿಗೆ ದಾರಿ ತಪ್ಪದಿರಲಿ ಎಂದು ಕಡಲೊಳಕ್ಕೆ ಎರಡೂ ತೋಳು ಚಾಚಿತು. ಅಬ್ಬರಿಸಿ ಬರುವ ಅಲೆಗಳಿಗೆ, "ಸುಮ್ನಿರಿ ಮಾರಾಯ್ರೆ! ತಂಗಿ ಸ್ವರ ಕೇಂತಿಲ್ಲೆ" ಎಂದು ಗದರಿತು. ಅವು ಬಾಯಿ ಮುಚ್ಚಿಕೊಂಡವು. ವರ್ಷ ಕಳೆಯಿತು, ನೂರು ವರ್ಷ ಕಳೆಯಿತು. ತಂಗಿ ಬರಲಿಲ್ಲ.

ಆಮೇಲೆ, ನೀರು ಶಾಂತವಾಗಿರುವುದನ್ನು ಕಂಡು, ಮೀನು ಹಿಡಿಯುವ ಸೀನ ಮತ್ತು ಅವನ ಹೆಂಡತಿ ಬಚ್ಚಿ ಅಲ್ಲಿ ಗುಡಿಸಲು ಹಾಕಿದರು. ಮೊದಲ ದಿನವೇ ಗುಡ್ಡ ಕೇಳಿತು, "ಬಚ್ಚಿ, ನನ್ ತಂಗಿ ಎಲ್ಲಾದ್ರೂ ಕಂಡ್ಳಾ? ಹೋಪತಿಗೆ 'ಬತ್ತೆ' ಅಂದಿದ್ಲು."

ಅಯ್ಯೋ ಅಜ್ಜ, ಅದು ಹೋಗುವಾಗ ಎಲ್ಲರೂ ಹೇಳುವ ಬರೀ ಮಾತು ಎನ್ನಲು ಬಚ್ಚಿ ಬಾಯಿ ತೆರೆದಳು. ಅಷ್ಟರಲ್ಲಿ ಸೀನ ದೋಣಿಯನ್ನು ನೀರಿಗೆ ತಳ್ಳಿ ಹೆಂಡತಿಯನ್ನು ಕರೆದು ಕೂಗಿದ, "ಹೆಣೇ, ಬತ್ತೆ ಅಕಾ!"

ಬಚ್ಚಿ ದೋಣಿಯತ್ತ ನೋಡಿದಳು. ಅದು ಬರೀ ಮಾತು ಎಂದು ಈಗ ಹೇಗೆ ಹೇಳುವುದು? ಗಂಡ ಕಡಲಲ್ಲಿದ್ದಾನೆ.

"ಬತ್ತೆ ಅಂದ್ ಮೇಲೆ ಬಪ್ಪುದೇ, ಅಜ್ಜಾ" ಅಂದಳು. ಗುಡ್ಡಕ್ಕೆ ಒರಗಿ ಕೂತು ಅವಳೂ ಕಾದಳು.

ಸಂಜೆ ಸೀನ ಬಂದ. ಅದನ್ನು ಕಂಡು ಗುಡ್ಡದ ನಂಬಿಕೆ ಇನ್ನೂ ಗಟ್ಟಿಯಾಯಿತು. ಅಲೆ ಮಾತ್ರ ಬರಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ನೀನು ಆ ಕೊಲ್ಲಿಗೆ ಹೋದರೆ ನೋಡು: ಹೊರಗೆ ಅಷ್ಟು ಅಬ್ಬರಿಸುವ ಅಲೆಗಳು ಗುಡ್ಡದ ಎರಡು ತೋಳಿನ ನಡುವೆ ಬಂದ ಕೂಡಲೇ ಸದ್ದಡಗಿಸಿ ದಡ ಮುಟ್ಟುತ್ತವೆ, ನಾನು ಅವಳಲ್ಲ ಎಂದು ಹೇಳುವ ಧೈರ್ಯ ಒಂದು ಅಲೆಗೂ ಇಲ್ಲ.