ಸಾಹೇಬರ ಅಂಗಳದಲ್ಲಿ ಒಲೆ ಹೂಡಿದ ಕೇತಮ್ಮ

ಬಹಳ ಹಿಂದೆ, ಬೆಟ್ಟದ ನಡುವಿನ ಒಂದು ಸೋಲಿಗರ ಪೋಡಿನಲ್ಲಿ ಕೇತಮ್ಮ ಅಂತ ಒಬ್ಬಳಿದ್ದಳಂತೆ. ಪೋಡು ಅಂದರೆ ಕಾಡೊಳಗಿನ ಪುಟ್ಟ ಊರು. ಯಾವ ಕಾಲ ಅಂತ ಕೇಳಬೇಡಿ. ಸರ್ಕಾರ ಇತ್ತು, ಜೀಪಿತ್ತು, ಅಷ್ಟು ಸಾಕು.

ಕಾಡನ್ನು ಹುಲಿಗೆ ಬಿಟ್ಟುಕೊಡಿ ಅಂತ ಸರ್ಕಾರದವರು ಪೋಡಿನವರನ್ನೆಲ್ಲ ಲಾರಿ ಹತ್ತಿಸಿ ಬಯಲಿನ ಕಾಲೋನಿಗೆ ತಂದು ಇಳಿಸಿದರಂತೆ. ಜನ ಖಾಲಿಯಾದ ಜಾಗಕ್ಕೆ ಹುಲಿ ಬಂತೇ? ಇಲ್ಲ, ಕಡಲಾಚೆಯ ಕಂಪನಿ ಬಂತು. ಹುಲಿ ನೋಡಲು ಬರುವ ಪರದೇಶದವರಿಗೆ ಬಂಗಲೆ ಕಟ್ಟಿತು, ಈಜುಕೊಳ ತೋಡಿತು. ಅದರಿಂದ ಮಾತ್ರ ಹುಲಿಗೆ ಏನೂ ತೊಂದರೆಯಿಲ್ಲವಂತೆ. ಏನು ಹೇಳೋಣ!

ಕೇತಮ್ಮ ಅದನ್ನೂ ನುಂಗಿಕೊಂಡಳಂತೆ. ಆಮೇಲೆ ಅವಳಪ್ಪ ಜಡೆಯ ಕಾಲೋನಿಯಲ್ಲಿ ತೀರಿಕೊಂಡ. ಅವನ ಕುಲದವರೆಲ್ಲ ಮಣ್ಣಾಗಿರುವುದು ಬೆಟ್ಟದ ಮೇಲೆ. ಅಲ್ಲಿಗೇ ಸೇರಿಸೋಣವೆಂದು ಹೆಣ ಹೊತ್ತು ಹೋದರೆ, ಕಾಡಿನ ಗೇಟಿನಲ್ಲಿ ಗಾರ್ಡು ತಡೆದನಂತೆ. ಫಾರೆಸ್ಟ್ ಸಾಹೇಬರ ಪರ್ಮಿಶನ್ ಬೇಕು ಅಂದನಂತೆ. ಹೆಣ ಇಳಿಸಿ ಕಾದರು. ಕಂಪನಿಯ ಜೀಪುಗಳು ಒಂದರ ಹಿಂದೊಂದು ಒಳಗೆ ಹೋಗುತ್ತಲೇ ಇದ್ದವಂತೆ. ಹೊತ್ತು ಇಳಿಯಿತು, ಪರ್ಮಿಶನ್ ಬರಲಿಲ್ಲ. ಜಡೆಯನನ್ನು ರಸ್ತೆ ಬದಿಯಲ್ಲೇ ಮಣ್ಣು ಮಾಡಿದರು.

ಕೇತಮ್ಮ ಅಳಲಿಲ್ಲವಂತೆ. ಅತ್ತೂ ಅತ್ತೂ ಅವಳಿಗೆ ಅಳುವೇ ಬೇಸರವಾಗಿತ್ತು. ಮಡಕೆ, ಚಾಪೆ ಎತ್ತಿಕೊಂಡು ನೆಟ್ಟಗೆ ಸಾಹೇಬರ ಮನೆಗೆ ಹೋಗಿ, ಅಂಗಳದಲ್ಲಿ ಕಲ್ಲಿಟ್ಟು ಒಲೆ ಹೂಡಿದಳು.

ಸಾಹೇಬರು ಓಡಿಬಂದರಂತೆ. "ಏನಮ್ಮಾ ಇದು? ಇದು ನನ್ನ ಮನೆ!"

"ಹೌದಾ ಬುದ್ಧಿ? ಯಾರು ಕೊಟ್ರು?"

"ಸರ್ಕಾರ ಕೊಟ್ಟಿದೆ."

"ನನ್ನ ಮನೆ ಕಿತ್ಕೊಂಡಿದ್ದೂ ಅದೇ ಸರ್ಕಾರವೇಯಾ. ಅದುಕ್ಕೇ ಸರ್ಕಾರದ ಮನೆಗೇ ಬಂದಿವ್ನಿ. ನಮ್ಮಪ್ಪನ್ನ ಬೆಟ್ಟಕ್ಕೆ ಬುಡಿ, ಎದ್ದೋಯ್ತೀನಿ."

ಎಳೆದು ಹೊರಗೆ ಹಾಕಿದರಂತೆ, ತಿರುಗಿ ಬಂದಳಂತೆ. ಮಡಕೆ ಒಡೆದರಂತೆ, ಬೇರೆ ಮಡಕೆ ತಂದಳಂತೆ. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಯಿತು. ಹೊಸಬರು ಬಂದು, ನೀನು ಯಾರು, ಎಲ್ಲಿಯವಳು, ನಿನ್ನ ತೊಂದರೆ ಏನು ಅಂತ ಕೇಳಿದರು. ಮೊದಲಿಂದ ಎಲ್ಲ ಹೇಳಿದಳು. ಅವರೂ ಹೋದರು. ಇನ್ನೊಬ್ಬರು ಬಂದು ಅದನ್ನೇ ಕೇಳಿದರು. ಕೇತಮ್ಮ ತಲೆ ಚಚ್ಚಿಕೊಂಡಳಂತೆ. "ನೀವು ಬದಲಾಯ್ತಾ ಇರಿ ಬುದ್ಧಿ, ನಾನು ಒದರ್ತಾ ಇರ್ತೀನಿ!"

ಆ ಕೂಗು ಕಾಲೋನಿಗೆ ಕೇಳಿಸಿತು ಅಂತಾರೆ. ಮನೆಮನೆಯ ಹೆಂಗಸರು ಮಡಕೆ ಹೊತ್ತು ಬಂದರು. ಅಂಗಳದ ತುಂಬ ಒಲೆಗಳೆದ್ದವು, ಹಸಿ ಸೌದೆಯ ಹೊಗೆ ಕೋಣೆ ಕೋಣೆಗೂ ನುಗ್ಗಿತು. ಕೊನೆಗೆ ಸಾಹೇಬರು ಕೆಮ್ಮುತ್ತ ಆಚೆ ಬಂದು, ಗೇಟು ತೆಗೀರಿ ಅಂದರಂತೆ.

ರಸ್ತೆ ಬದಿಯಿಂದ ಅಗೆದು ತೆಗೆದ ಜಡೆಯನ ಮೂಳೆ ಬೆಟ್ಟ ಹತ್ತಿತು. ಹುಲಿಯೇ ಮುಂದೆ ನಡೆದು ದಾರಿ ತೋರಿಸಿತು ಅಂತಾರೆ. ಹುಲಿಯ ಮಾತು ಬಿಡಿ. ಹತ್ತಿ ಹೋದವರು ಮತ್ತೆ ಕಾಲೋನಿಗೆ ಮರಳಲಿಲ್ಲ, ಅದು ಮಾತ್ರ ನಿಜ. ಇರಿ ಅಂತ ಯಾರೂ ಹೇಳಲಿಲ್ಲ, ಹೋಗಿ ಅನ್ನುವುದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ. ಕೇತಮ್ಮನೂ ಅಲ್ಲೇ ಮಣ್ಣಾದಳು.

ಈಗಲೂ ಮೊದಲ ಮಳೆಗೆ ಮುಂಚೆ ಪೋಡಿನ ಹೆಂಗಸರು ಬೆಟ್ಟ ಇಳಿದು ಬಂದು, ಸಾಹೇಬರ ಅಂಗಳದಲ್ಲಿ ಒಲೆ ಹೂಡಿ ಮುದ್ದೆ ಮಾಡುತ್ತಾರೆ. ಪ್ರತಿ ಸಲವೂ ಯಾರೋ ಹೊಸ ಸಾಹೇಬರು ಇರುತ್ತಾರೆ. ನೀವು ಯಾರು, ಎಲ್ಲಿಯವರು ಅಂತ ಕೇಳುತ್ತಾರೆ. ಹೆಂಗಸರು ತಲೆಯನ್ನೂ ಎತ್ತುವುದಿಲ್ಲ.

"ಕೇತಮ್ಮ ಆಗ್ಲೇ ಹೇಳವ್ಳೆ ಬುದ್ಧಿ" ಅಂತ ಹೇಳಿ, ಮುದ್ದೆ ತಿರುವುತ್ತಾರೆ.