ಹಸಿರು ಶಾಯಿ ಇಲ್ಲದ ಸರ್ವರ್

ಪ್ರಿನ್ಸಿಪಾಲ್ ವೃಷಭೇಂದ್ರಪ್ಪನವರಿಗೆ ತಮ್ಮ ಹಸಿರು ಶಾಯಿ ಪೆನ್ನಿನ ಮೇಲೆ ಎಲ್ಲಿಲ್ಲದ ಅಭಿಮಾನ. ಯಾರೇ ಅಂಕಪಟ್ಟಿಯ ಜೆರಾಕ್ಸ್ ತಂದರೂ ಒರಿಜಿನಲ್ ನೋಡದೆ ಅಟೆಸ್ಟ್ ಮಾಡುತ್ತಿರಲಿಲ್ಲ. “ನಿನ್ನ ಬಗ್ಗೆ ನೀನೇ ಹೇಳಿಕೊಂಡರೆ ಯಾರಪ್ಪಾ ನಂಬ್ತಾರೆ?” ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು.

ಅವತ್ತು ಅವರು ಕ್ಲರ್ಕ್ ನಸೀಮಾಳ ತಲೆಯ ಮೇಲೇ ಕೂತಿದ್ದರು. ಪರೀಕ್ಷೆಯ ಪ್ರಶ್ನೆಪತ್ರಿಕೆ ಸಂಜೆಯೊಳಗೆ ವಿಶ್ವವಿದ್ಯಾಲಯದ ಸರ್ವರ್‌ಗೆ ಹೋಗಬೇಕಿತ್ತು. ಬೆಳಿಗ್ಗೆ ಇಮೇಲ್‌ನಲ್ಲಿ ಬಂದ ಹೊಸ ವಿಳಾಸಕ್ಕೆ ಕಳಿಸಲು ಹೋದರೆ ಪರದೆಯ ಮೇಲೆ ಎಚ್ಚರಿಕೆ: ಈ ಸರ್ವರ್‌ನ ಪ್ರಮಾಣಪತ್ರ ನಂಬುವಂತಿಲ್ಲ, ಮುಂದುವರಿಯಬೇಕೆ?

“ಹೂಂ ಅಂತ ಒತ್ತಮ್ಮಾ! ವಿಶ್ವವಿದ್ಯಾಲಯದ ಹೆಸರೇ ಇದೆಯಲ್ಲ!”

ಪ್ರಶ್ನೆಪತ್ರಿಕೆ ಬೇರೆಯವರ ಕೈಗೆ ಸಿಕ್ಕರೆ ಹೋಗುವುದು ತನ್ನ ಕೆಲಸ ಎಂದು ನಸೀಮಾಗೆ ಗೊತ್ತಿತ್ತು. ಎದುರಾಡಿದರೆ ಸಾಹೇಬರು ಇನ್ನಷ್ಟು ಏರುತ್ತಾರೆ ಎಂಬುದೂ ಗೊತ್ತಿತ್ತು.

“ಒತ್ತುತ್ತೀನಿ ಸಾರ್. ಆದರೆ ಈ ಪ್ರಮಾಣಪತ್ರಕ್ಕೆ ಆ ಸರ್ವರ್ ತನ್ನ ಸಹಿ ತಾನೇ ಹಾಕಿಕೊಂಡಿದೆ. ಮೇಲಿನವರು ಯಾರೂ ಅಟೆಸ್ಟ್ ಮಾಡಿಲ್ಲ.”

ವೃಷಭೇಂದ್ರಪ್ಪನವರ ಮುಖ ಕೆಂಪಾಯಿತು.

“ಏನು? ಅಟೆಸ್ಟೇಷನ್ ಇಲ್ಲದೆ ನನ್ನ ಮುಂದೆ ಬಂದಿದೆಯಾ? ಮುಚ್ಚಮ್ಮಾ ಅದನ್ನ!”

ನಸೀಮಾ ಮುಚ್ಚಿದಳು. ಆಮೇಲೆ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ವಿಚಾರಿಸಿದಳು. ಆ ಇಮೇಲ್ ಅವರದಲ್ಲ, ಸರ್ವರ್ ಕೂಡ ಅವರದಲ್ಲ. ಯಾವನೋ ಕಳ್ಳ ಅವರ ಹೆಸರಿನಲ್ಲಿ ಬಲೆ ಹಾಕಿ ಕೂತಿದ್ದ. ಪ್ರಶ್ನೆಪತ್ರಿಕೆ ಹಳೆಯ ವಿಳಾಸಕ್ಕೇ ಹೋಯಿತು.

ಸುದ್ದಿ ಕೇಳಿದ ಸಾಹೇಬರು ನಿಧಾನವಾಗಿ ಕುರ್ಚಿಗೆ ಒರಗಿ ಜೇಬಿನ ಪೆನ್ನು ಸವರಿಕೊಂಡರು.

“ಅವನೇನಾದರೂ ಅಟೆಸ್ಟೇಷನ್‌ಗೆ ಇಲ್ಲಿಗೆ ಬಂದರೆ ಬೆಂಚಿನ ಮೇಲೆ ಕೂರಿಸಮ್ಮಾ. ಒರಿಜಿನಲ್ ತರದೆ ನಾನಂತೂ ಸಹಿ ಹಾಕಲ್ಲ.”