ಚಾಕು ಮಸೆದ ಬಾಣಂತಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡವ್ವ ಮಲ್ಲಕ್ಕನವರು. ಅವರ ಸೊಸೆ ಶಾವಂತ್ರಿ ಮೂರು ತಿಂಗಳ ಬಾಣಂತಿಯಾಗಿದ್ದಾಗ ನಡೆದದ್ದು. ಹೇಳುವಾಗ ದೊಡ್ಡವ್ವ ತಮ್ಮ ತಪ್ಪನ್ನೂ ಮುಚ್ಚಿಡುತ್ತಿರಲಿಲ್ಲ.

ಪೂಜ್ಯ ನೀಲಗಂಗಮ್ಮನವರು ಹಳ್ಳದ ದಂಡೆಯ ಮಣ್ಣಿನ ಮನೆಯಲ್ಲಿದ್ದುಕೊಂಡು ದಾಸೋಹ ನಡೆಸುತ್ತಿದ್ದರು. ಅಡುಗೆಮನೆಯ ಚಾಕುಗಳನ್ನು ಸೋಮವಾರ ಬೆಳಿಗ್ಗೆ ತಾವೇ ಮಸೆಯುತ್ತಿದ್ದರು. ಊರ ಹೆಂಗಸರೂ ತಮ್ಮ ಚಾಕು ತಂದು ಮಸೆದುಕೊಂಡು ಹೋಗುವರು.

ಶಾವಂತ್ರಿಯ ಮನೆಯ ಚಾಕು ಏನೂ ಕೊಯ್ಯದಂತಾಗಿತ್ತು. "ಬದನಿಕಾಯಿ ಕೊಯ್ದಿಯೋ, ಹಲ್ಲಿಲೆ ಹರದಿಯೋ?" ಎಂದು ಹಂಗಿಸಿ ಮಲ್ಲಕ್ಕ ಅವಳನ್ನು ಅಲ್ಲಿಗೆ ಕಳಿಸಿದರು.

ಬಗಲಲ್ಲಿ ಕೂಸು. ಚಾಕುವನ್ನು ಮೂರು ಸುತ್ತು ಅರಿವೆಯಲ್ಲಿ ಕಟ್ಟಿ, ಕೂಸಿನಿಂದ ದೂರಕ್ಕೆ ತೋಳು ಚಾಚಿ ಹಿಡಿದೇ ಅವಳು ದಾರಿ ನಡೆದಳು.

ಅಮ್ಮನವರು ಗಂಟು ಬಿಚ್ಚಿ ಅಲಗಿನ ಮೇಲೆ ಹೆಬ್ಬೆರಳಾಡಿಸಿದರು. ಉಳಿದ ಹೆಂಗಸರನ್ನು ನೀರಿಗೆ ಕಳಿಸಿದರು.

"ಇದು ತಾನಾಗಿ ಮೊಂಡಾಗಿಲ್ಲವ್ವ."

ಶಾವಂತ್ರಿ ಕೂಸನ್ನು ಇನ್ನೊಂದು ಬಗಲಿಗೆ ಸರಿಸಿಕೊಂಡಳು. "ಅವ್ವಾರ, ಇದನ್ನ ಹಿಡದರ ಸಾಕು, ಕೂಸಿಗೆ ಏನರ ಮಾಡಿಬಿಡ್ತೀನಿ ಅನಸ್ತೈತಿ. ನನ್ನ ಕೈಯಾಗ ಏನೋ ಹೊಕ್ಕೈತ್ರಿ. ಯಾರಿಗೂ ಹೇಳಿಲ್ಲ."

"ಮೂರು ತಿಂಗಳಾತು. ಆ ಕೈ ಏನು ಮಾಡೈತಿ?"

"ದಿನಾ ಹಿತ್ತಲ ಕಲ್ಲಿಗೆ ತಿಕ್ಕಿ ಚಾಕುವಿನ ಬಾಯಿ ಕೆಡಿಸೈತಿ."

"ಯಾತಕ್ಕ?"

"ಕೂಸಿಗೆ ತಾಗಬಾರದಂತ."

"ಹಂಗಾದ್ರ ಅದು ಕೂಸು ಕಾಯಾಕ ಹತ್ತೈತಿ."

ನೀರಿನ ಬೋಗುಣಿಯಲ್ಲಿ ಮೂರು ಮಸೆಗಲ್ಲು ನೆನೆದಿದ್ದವು: ಒರಟು, ನಡುವಿನದು, ನುಣ್ಣನೆಯದು. "ಒಂದನ್ನ ಆರಿಸಿ ನೀನೇ ಮಸಿ," ಎಂದರು ಅಮ್ಮನವರು. ಶಾವಂತ್ರಿ ನುಣ್ಣನೆಯದನ್ನು ಎತ್ತಿಕೊಂಡಳು.

"ಅದರಿಂದ ಸಂಜೀತನ ಉಜ್ಜಿದ್ರೂ ಈ ಚಾಕುವಿಗೆ ಬಾಯಿ ಬರಂಗಿಲ್ಲ. ನಿನಗೂ ಗೊತ್ತೈತಿ." ಅಮ್ಮನವರು ಒರಟು ಕಲ್ಲನ್ನು ಮುಂದಿಟ್ಟರು. ಆಮೇಲೆ ಕೂಸನ್ನು ತಮ್ಮ ತೊಡೆಗೆ ಹಾಕಿಕೊಂಡು ಅವಳೆದುರಿಗೇ, ಕೈಗೆಟಕುವಷ್ಟು ಹತ್ತಿರ ಕುಳಿತರು.

"ಕೂಸಿನ್ನ ಒಳಗ ಒಯ್ರಿ, ಅವ್ವಾರ. ಕಾಲಿಗೆ ಬೀಳ್ತೀನಿ."

"ನಾ ಇಲ್ಲೇ ಇದ್ದೀನಿ. ಮಸಿ."

ಅವಳು ಮಸೆಯತೊಡಗಿದಳು. ಅಲಗು ಕಲ್ಲಿನ ಮೇಲೆ ಕರಕರ ಎಂದಾಗಲೆಲ್ಲ ಅವಳ ಕಣ್ಣು ಕೂಸಿನ ಕೊರಳಿಗೇ ಹೋಗುತ್ತಿತ್ತು, ಹೋದೊಡನೆ ಮಸೆಯುವುದನ್ನು ನಿಲ್ಲಿಸುತ್ತಿದ್ದಳು. ಅಮ್ಮನವರು ಅಲುಗಲಿಲ್ಲ. ಒರಟು ಮುಗಿದು ನಡುವಿನ ಕಲ್ಲು ಬಂತು. ನುಣ್ಣನೆಯ ಕಲ್ಲಿಗೆ ಬರುವಷ್ಟರಲ್ಲಿ ಕೂಸು ಅಮ್ಮನವರ ಕಿರುಬೆರಳು ಚೀಪುತ್ತ ನಿದ್ದೆಹೋಗಿತ್ತು. ಒಂದು ಸವತೆಕಾಯಿ ಕೊಟ್ಟು ಕೊಯ್ಯಿಸಿದರು. ಹೋಳುಗಳು ಎಲೆಯಷ್ಟು ತೆಳ್ಳಗೆ ಬಿದ್ದವು. ಶಾವಂತ್ರಿ ಚಾಕು ಕೆಳಗಿಟ್ಟು ಮೂರು ತಿಂಗಳ ಅಳುವನ್ನು ಅತ್ತಳು.

ಅಮ್ಮನವರು ಮಲ್ಲಕ್ಕನನ್ನು ಕರೆಸಿದರು. "ಇಕಿಗೆ ಅಂಜಿಕಿ ಬ್ಯಾನಿ ಬಂದೈತಿ. ಒಬ್ಬಾಕಿನ್ನ ಬಿಡಬ್ಯಾಡ."

ಆ ಅಂಜಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಹಂಗಿಸುವುದನ್ನು ಬಿಟ್ಟ ದೊಡ್ಡವ್ವ ದೀಪಾವಳಿಯವರೆಗೂ ಸೊಸೆ ಕಾಯಿಪಲ್ಲೆ ಹೆಚ್ಚುವಾಗ ಕೂಸನ್ನೆತ್ತಿಕೊಂಡು ಅವಳ ಮಗ್ಗುಲಲ್ಲೇ ಕೂಡುತ್ತಿದ್ದರು.

ಓದಿದವರು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಓಣಿಯಲ್ಲಿ ಚಾಕು ಕಂಡರೆ ಮುಖ ತಿರುಗಿಸುವ ಬಾಣಂತಿ ಇದ್ದರೆ, ಅವಳ ಪಕ್ಕ ಕುಳಿತು ಹೇಳಿ. ಮೊದಲು ಅವಳ ಅತ್ತೆಗೆ ಹೇಳಿ.